ಚೂರಿಯ ಹಿಡಿ

ಟೊಂಗ್ಯಾಂಗಿನ ಸಿಂಪಿ ಶೆಡ್ಡಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ
ನಿನ್ನೆ ರಾತ್ರಿಯ ಧಾರಾವಾಹಿ ಇನ್ನೊಮ್ಮೆ ಶುರುವಾಗುತ್ತದೆ.
ಪರದೆಯಿಲ್ಲ. ಹನ್ನೊಂದು ಹೆಂಗಸರು, ಹನ್ನೊಂದು ಚೂರಿ,
ಎದೆಮಟ್ಟ ಗುಡ್ಡೆ ಬಿದ್ದ ಚಿಪ್ಪು,
ಕಾಲ ಬುಡದಲ್ಲೊಂದು ಸೀಮೆಎಣ್ಣೆ ಒಲೆ,
ಉರಿಯುವುದಕ್ಕಿಂತ ಕೆಮ್ಮುವುದೇ ಹೆಚ್ಚು.

ನಲವತ್ಮೂರನೆಯ ಕಂತು.
ಅತ್ತೆ ಮರಸೇಬು ಹೆಚ್ಚಿದಳು.
ತಿರುಳೆಲ್ಲ ಕಿರಿಸೊಸೆಯ ತಟ್ಟೆಗೆ,
ಬೀಜದ ಸುತ್ತಲ ಗಟ್ಟಿ ತನಗೆ.
ಹಿರಿಸೊಸೆಗೆ ಒಂದು ಹೋಳೂ ಇಲ್ಲ, ಒಂದು ನೋಟವೂ ಇಲ್ಲ.
ಆಮೇಲೆ ಜಾಹೀರಾತು.

"ಹೊಟ್ಟೆಕಿಚ್ಚು," ಎಂದಳು ಮಲ್ಯೆ, ಸಿಂಪಿಯೊಂದರ ಬಾಯಿ ಬಿಡಿಸುತ್ತ.
"ಮಗನಿಗೆ ಹಿರಿಯವಳೆಂದರೆ ಪ್ರಾಣ. ಮುದುಕಿಗೆ ಅದು ಆಗದು."
"ಕಿಚ್ಚಾಗಿದ್ದರೆ ಹೋಳು ಕೊಟ್ಟು ಕುಟುಕುತ್ತಿದ್ದಳು.
ಇದು ಸಾಲ," ಎಂದಳು ತೊಕ್ಸಿಲ್.
"ಕಿರಿಯವಳ ತವರಿನ ದುಡ್ಡಲ್ಲವೇ ಆ ದೋಣಿ?
ಸಾಲ ಕೊಟ್ಟವರಿಗೆ ತಿರುಳು."
ಅವಳು ದೋಣಿ ಅಂದಾಗ ಯಾರೂ ಅವಳ ಮುಖ ನೋಡಲಿಲ್ಲ.
ತೊಕ್ಸಿಲಳ ದೋಣಿಯ ಕತೆ ಊರಿಗೆಲ್ಲ ಗೊತ್ತು.

ಐಸು ತರುವ ಲಾರಿಯ ಹುಡುಗ ಬಾಗಿಲಲ್ಲೇ ನಿಂತು ನಕ್ಕ:
"ಅಜ್ಜಿಯರೇ, ಪೇಪರಿನಲ್ಲಿ ಬಂದಿದೆ.
ಅತ್ತೆ ಪಾತ್ರದಾಕೆಗೆ ಕಾಲು ಮುರಿದಿದೆಯಂತೆ.
ಕೂತಲ್ಲೇ ಮಾಡುವ ಕೆಲಸ ಬೇಕಿತ್ತು, ಕೈಗೆ ಹಣ್ಣು ಕೊಟ್ಟರು.
ಹಿರಿಸೊಸೆ ಕೂತದ್ದು ಎಟುಕದ ದೂರದಲ್ಲಿ. ಅಷ್ಟೆ."

ಹನ್ನೊಂದು ಚೂರಿ ನಿಂತವು.
"ಕಾಲು ಮುರಿದದ್ದು ಅವಳದು," ಎಂದಳು ಮಲ್ಯೆ,
"ಎದ್ದು ಬಂದು ಕೊಡದೆ ಇದ್ದದ್ದು ಅತ್ತೆ."
"ಹಾಗಾದರೆ ಬರೆದವರನ್ನೇ ಕೇಳಿ!"
"ಬರೆದವರಿಗೇನು ಗೊತ್ತು?
ಅವರೇನು ಆ ಮನೆಯಲ್ಲಿ ಸೊಸೆಯಾಗಿ ಬಾಳಿದ್ದಾರೆಯೇ?"
ಹುಡುಗ ಐಸು ಇಳಿಸಿ ಹೋದ,
ಲೆಕ್ಕದಲ್ಲಿ ಒಂದು ಪೆಟ್ಟಿಗೆ ಕಡಿಮೆ.

ಆಗ ಎಲ್ಲರೂ ನನ್ನ ಕಡೆ ತಿರುಗಿದರು.
ನಾನು ಲುವಾ. ಮೆಕಾಂಗ್ ನದಿಯ ಕಡೆಯವಳು,
ಓಕ್‌ಬುನ್‌ಳ ಸೊಸೆ,
ಈ ಭಾಷೆಗೆ ಬಂದು ಮೂರು ಚಳಿಗಾಲ.
ಮಾತು ಅರ್ಧ ತಿಳಿಯುತ್ತದೆ; ಅಳುತ್ತ ಆಡಿದರೆ ಅದೂ ಇಲ್ಲ.
ಹಾಗಾಗಿ ನಾನು ಕೈ ನೋಡುತ್ತೇನೆ.
ಯಾರು ಯಾರತ್ತ ಬಟ್ಟಲು ಸರಿಸಿದರು,
ಯಾರ ಚಪ್ಪಲಿ ಯಾವ ದಿಕ್ಕಿಗಿತ್ತು.
(ಮುನಿಸಿಕೊಂಡ ಮೈದುನನ ಚಪ್ಪಲಿ
ಏಳು ಕಂತು ಬಾಗಿಲಿಗೇ ಮುಖ ಮಾಡಿತ್ತು.
ಅವನು ಹೋಗುತ್ತಾನೆಂದು ನನಗೊಬ್ಬಳಿಗೇ ಗೊತ್ತಿತ್ತು.)

"ಚೂರಿ," ಎಂದೆ.
"ಹೆಚ್ಚಿದ ಮೇಲೆ ಅತ್ತೆ ಚೂರಿ ಕೆಳಗಿಟ್ಟಳು.
ಅಲಗು ತನ್ನ ಕಡೆ. ಹಿಡಿ ಹಿರಿಸೊಸೆಯ ಕಡೆ."
ಹೇಳಲು ಬಂದದ್ದು ಇಷ್ಟೇ.
ಹಣ್ಣು ನೆಂಟರಿಗೆ, ಚೂರಿ ಮನೆಯವಳಿಗೆ
ಎನ್ನುವುದಕ್ಕೆ ಇಲ್ಲಿಯ ಕ್ರಿಯಾಪದ ಸಿಗಲಿಲ್ಲ.

ಯಾರೋ ಮೂಗು ಒರೆಸಿಕೊಂಡರು. ಚಳಿಗಿರಬಹುದು.
"ಥೂ ಮುದುಕಿ, ಬಾಯಿ ಬಿಟ್ಟು ಹೇಳಬಾರದೇ!"
ಮಲ್ಯೆ ಬೈದದ್ದು ಪರದೆಯವಳನ್ನೋ, ಯಾರನ್ನೋ.
ಓಕ್‌ಬುನ್ ಮಾತ್ರ ತುಟಿ ಬಿಚ್ಚಲಿಲ್ಲ.
ಆ ದಿನ ಎಲ್ಲರಿಗಿಂತ ಮೊದಲು ತುಂಬಿದ್ದು ಅವಳ ಬಕೆಟ್ಟು.

ರಾತ್ರಿ, ನಲವತ್ನಾಲ್ಕನೆಯ ಕಂತಿಗೆ ಮುಂಚೆ,
ಅವಳೊಂದು ಮರಸೇಬು ತಂದು ಕೂತಳು.
ಉಪ್ಪುನೀರಿಗೆ ಒಡೆದ ಹೆಬ್ಬೆರಳು;
ಸಿಪ್ಪೆ ಒಂದೇ ಎಳೆಯಾಗಿ ಮಡಿಲಿಗೆ ಇಳಿಯುತ್ತಿತ್ತು.
ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತು.
ಅವಳಿಗೆ ಗೊತ್ತೆಂದು ನನಗೆ ಗೊತ್ತು.
ಧಾರಾವಾಹಿಯಾಗಿದ್ದರೆ ಇಲ್ಲಿ ಸಂಗೀತ ಬರುತ್ತಿತ್ತು.
ಬಂದದ್ದು ಫ್ರಿಜ್ಜಿನ ಗುರ್ರೆಂಬ ಸದ್ದು.

"ಕೈ ಏನು ನೋಡ್ತೀಯ," ಎಂದಳು, "ಹಸಿವಾದರೆ ತಿನ್ನು."
ತಿಂದೆ. ಸಿಹಿಯಿತ್ತು, ತುಸು ಮರಳು ಮರಳು.
ಕಂತು ಶುರುವಾಯಿತು.
ಹಿರಿಸೊಸೆ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು.
"ಬೇಡ ಕಣೇ!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು,
ಅವಳು ಅವಳ ಭಾಷೆಯಲ್ಲಿ, ನಾನು ನನ್ನದರಲ್ಲಿ.

ಆಮೇಲೆ ನೆನಪಾಗಿ ತಟ್ಟೆಯತ್ತ ತಿರುಗಿದರೆ
ಚೂರಿ ಆಗಲೇ ತೊಳೆದು ಒರಗಿಸಿಟ್ಟಾಗಿತ್ತು.
ಹಿಡಿ ಯಾವ ಕಡೆ ಇತ್ತೋ.